ಖಾಲಿ ಡಬ್ಬಿಯ ತೂಕ

ಅಕ್ಕ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಕಾರಣ ಕೇಳಿದರೆ ನೀವೂ ನಗುತ್ತೀರಿ. ನನ್ನ ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆ ನಾನು ಅಕ್ಕನ ಊರಾದ ಹಿರೇಕೆರೂರಿಗೆ ಹೋಗಿ ಕುಂಕುಮ ಹಚ್ಚಿ ಕರೆಯದೆ ಮೊಬೈಲಿನಲ್ಲಿ ಕರೆದೆನಂತೆ. "ಕಂಡೋರನ್ನ ಕರದಂಗ ಕರದಿ" ಎಂದವಳು ಬರಲೇ ಇಲ್ಲ. ನಾನೂ ಕಡಿಮೆ ಹಟಮಾರಿಯಲ್ಲ. ಬರದಿದ್ದರೆ ಬಿಡಲಿ ಎಂದು ಸುಮ್ಮನಾದೆ.

ಈ ಸಲ ಪಂಚಮಿಗೆ ಶೇಂಗಾ ಉಂಡಿ ಕಟ್ಟುವಾಗ ಮನಸ್ಸು ತಡೆಯಲಿಲ್ಲ. ಆ ಉಂಡಿ ಎಂದರೆ ಅಕ್ಕನಿಗೆ ಜೀವ. ಹೋಗಿ ಕೊಡಲು ಬಿಗುಮಾನ. ಸ್ಟೀಲ್ ಡಬ್ಬಿ ತುಂಬಿ ಅಕ್ಕಿಆಲೂರಿನ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಒಯ್ದೆ. ಮೊದಲು ಇಂಥದ್ದನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, "ಅಣ್ಣಾ, ಸ್ಟ್ಯಾಂಡಿಗೆ ನಮ್ಮವರು ಬರ್ತಾರ" ಎಂದರೆ ಮುಗಿಯುತ್ತಿತ್ತು. ಈಗ ಬಸ್ಸು, ಹಾಲಿನ ಗಾಡಿ, ಬೈಕಿನವರು ಎಲ್ಲ ಒಂದೇ ಆ್ಯಪಿಗೆ ಸೇರಿದ್ದಾರೆ. ಯಾರ ಸಾಮಾನು ಯಾವ ಗಾಡಿಯಲ್ಲಿ, ಯಾವ ದಾರಿಯಲ್ಲಿ, ಎಷ್ಟು ದರಕ್ಕೆ ಹೋಗಬೇಕೆಂದು ಅದೇ ಹೇಳುತ್ತದೆ. ದರವೋ, ಹಬ್ಬದ ಮುಂದಿನ ಮಲ್ಲಿಗೆಯಂತೆ ಮುಂಜಾನೆ ಒಂದು, ಮಧ್ಯಾಹ್ನ ಇನ್ನೊಂದು. ದಕ್ಷಿಣದ ಹಿರೇಕೆರೂರಿಗೆ ಹೋಗಬೇಕಾದ ಡಬ್ಬಿ ಉತ್ತರದ ಶಿಗ್ಗಾಂವಕ್ಕೆ ಹೊರಟಿತು. ಎಲ್ಲ ಊರಿನ ಸಾಮಾನನ್ನೂ ಅಲ್ಲೇ ಕೂಡಿಸಿ ತೂಗುತ್ತಾರಂತೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ.

ಡಬ್ಬಿ ಮುಟ್ಟಿತೆಂದು ಮೊಬೈಲು ಹೇಳಿತು. ಅಕ್ಕ ಹೇಳಲಿಲ್ಲ. ಕಂಡಕ್ಟರ್ ಆಗಿದ್ದರೆ ಇಸಿದುಕೊಂಡವಳ ಮುಖ ಹೇಗಿತ್ತೆಂದು ಕೇಳಬಹುದಿತ್ತು. ಈ ಆ್ಯಪನ್ನು ಏನೆಂದು ಕೇಳುವುದು?

ಹಬ್ಬ ಕಳೆದರೂ ಸುದ್ದಿಯಿಲ್ಲ. ಕೊನೆಗೆ ನಾನೇ ಅವಳ ಮನೆಯಿಂದ ಡಬ್ಬಿ ವಾಪಸ್ ತರಿಸಲು ಬುಕ್ ಮಾಡಿದೆ. ಡಬ್ಬಿ ಬರೀ ನೆಪ. ನಮ್ಮ ಕಡೆ ಬಂಧುಗಳ ಡಬ್ಬಿಯನ್ನು ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಹಿಡಿ ಜೋಳವನ್ನಾದರೂ ಹಾಕುತ್ತಾರೆ. ಖಾಲಿ ಬಂತೆಂದರೆ ಸಂಬಂಧ ಮುಗಿಯಿತೆಂದೇ ಅರ್ಥ. ಒಳಗೇನಿದೆ ಎಂದು ಆ್ಯಪು ಕೇಳಿತು. ಆಸೆಪಟ್ಟು ಮೋಸಹೋಗುವುದು ಬೇಡವೆಂದು 'ಖಾಲಿ ಡಬ್ಬಿ' ಎಂದು ಬರೆದೆ.

ಮರುದಿನ ಅಂಗಡಿಯವನು ಕರೆದ. "ಡಬ್ಬಿ ಶಿಗ್ಗಾಂವದಾಗ ತಡದಾರ್ರೀ. ನೀವು ಖಾಲಿ ಅಂತ ಬರದೀರಿ, ಮಷಿನ್ ತೂಗಿದ್ರ ಭಾಳ ವಜ್ಜಿ ಬಂದೈತಿ. ಜಾಸ್ತಿ ರೊಕ್ಕ ಕೇಳಾಕತ್ತೈತಿ." ನನಗೆ ರೊಕ್ಕದ ಚಿಂತೆಯೆಂದು ತಿಳಿದು ಸಮಾಧಾನ ಹೇಳಿದ. "ಮಷಿನ್ ತಪ್ಪಿದ್ರೂ ತಪ್ಪಿರಬೇಕು. ತಕರಾರು ಹಾಕೂಣೇನ್ರಿ?"

"ತಕರಾರು ಬ್ಯಾಡ. ಕೇಳಿದಷ್ಟು ಕೊಡ್ತೇನಿ" ಎಂದೆ. ಚೌಕಾಸಿ ಮಾಡದೆ ಕೊತ್ತಂಬರಿಯನ್ನೂ ಕೊಳ್ಳದವಳು ನಾನು. ಅವನು ನನ್ನ ಮುಖವನ್ನೇ ನೋಡಿದ.

ಡಬ್ಬಿ ಬರುವತನಕ ತಾಳಲಾಗಲಿಲ್ಲ. ಅಂಗಡಿ ಕಟ್ಟೆಯ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದೆ.

"ಡಬ್ಯಾಗ ಏನ ಹಾಕಿದಿ, ಅಕ್ಕಾ?"

ಅಕ್ಕ ಹೇಳಿದಳು, "ಒಯ್ಯಾಕ ಬಂದವ ಮೊಬೈಲ್ ನೋಡಿ 'ಖಾಲಿ ಡಬ್ಬಿ ಕೊಡ್ರಿ' ಅಂದ. ಖಾಲಿ ಅಂತ ನೀನ ಬರದಿದ್ದೇನ?"

"ಹೂಂ."

"ನಾ ಖಾಲಿ ಕಳಸಾಕಿ ಅಂತ ತಿಳಕೊಂಡಿಯೇನ?"

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಹೌದು, ಹಾಗೆಯೇ ತಿಳಿದಿದ್ದೆ, ನನ್ನ ಒಡಹುಟ್ಟಿದವಳನ್ನು.