ತವರಿನ ಹೆಸರಿನ ವರ್ಷಗಳು

ಡೊಂಬಿವಲಿಯ ಸುಗುಣಾ ಯಾವ ಶಾಲೆಗೆ ಹೋದರೂ ಮೊದಲು ಫೈಲು ಕೇಳುವುದಿಲ್ಲ, ಟೀಚರುಗಳು ಊಟಕ್ಕೆ ಎಲ್ಲಿ ಕೂರುತ್ತಾರೆ ಎಂದು ಕೇಳುತ್ತಾಳೆ. ಪ್ರತಿ ವರ್ಷ ಪಿಎಫ್, ಪೆನ್ಶನ್ನಿನ ತಪಾಸಣೆ ಹತ್ತಿರ ಬಂತೆಂದರೆ ಠಾಣೆಯಿಂದ ಕಳಂಬೋಲಿಯವರೆಗಿನ ಸಣ್ಣಪುಟ್ಟ ಖಾಸಗಿ ಶಾಲೆಗಳಿಗೆ ಅವಳ ನೆನಪಾಗುತ್ತದೆ. ಟೀಚರುಗಳ ಸಂಬಳದಲ್ಲಿ ಮುರಿದ ಹಣ ಅವರವರ ಖಾತೆಗೇ ಹೋಗಿದೆಯೇ, ಹೆಸರು, ಸೇರಿದ ದಿನ ಎಲ್ಲ ತಾಳೆಯಾಗುತ್ತದೆಯೇ ಎಂದು ನೋಡಿ, ತಪಾಸಣೆಯ ಸಾಹೇಬರು ಬರುವಷ್ಟರಲ್ಲಿ ನೆಟ್ಟಗೆ ಮಾಡಿಡುವುದು ಅವಳ ಕೆಲಸ. ಗಂಡ ಕಮಲಾಕ್ಷನದು ಸ್ಟೇಶನ್ ಪಕ್ಕದಲ್ಲಿ ಉಡುಪಿ ಹೋಟೆಲ್. "ನಾನು ದೋಸೆ ಮಗುಚ್ತೇನೆ, ಇವಳು ಕಾಗದ ಮಗುಚ್ತಾಳೆ" ಎಂದು ಗಿರಾಕಿಗಳೆದುರು ಅವನ ಜಂಬ.

ಡಬ್ಬಿ ಬಿಚ್ಚಿದಲ್ಲಿ ಬಾಯಿಯೂ ಬಿಚ್ಚುತ್ತದೆ ಎಂಬುದು ಸುಗುಣಾಳ ನಂಬಿಕೆ. ಆದ್ದರಿಂದ ಟೀಚರುಗಳ ನಡುವೆ ಕೂತು, ಉಪ್ಪಿನಕಾಯಿ ಹಂಚುತ್ತಾ ಒಬ್ಬೊಬ್ಬರನ್ನೇ ಕೇಳುತ್ತಾಳೆ: "ನಿಮ್ಮ ತವರಿನ ಹೆಸರೆಂತದು?" ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮದುವೆಯಾದರೆ ಹೆಣ್ಣಿನ ಅಡ್ಡಹೆಸರಷ್ಟೇ ಅಲ್ಲ, ತೊಟ್ಟಿಲಲ್ಲಿಟ್ಟ ಹೆಸರೂ ಹೋಗುತ್ತದೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಗೀಚಿದನೆಂದರೆ ಮುಗಿಯಿತು. ನಿನ್ನೆಯ ಮಗಳು ಬೇರೆ, ಇಂದಿನ ಸೊಸೆ ಬೇರೆ. ಆದರೆ ಪಿಎಫ್ ಖಾತೆಯನ್ನು ಮದುವೆಗೆ ಯಾರು ಕರೆಯುತ್ತಾರೆ? ಅದು ಪಾಪ ಹಳೆಯ ಹೆಸರಲ್ಲೇ ಎಲ್ಲೋ ಕೂತಿರುತ್ತದೆ.

ಈ ಸಲ ಸಾನಪಾಡಾದ ಶಾಲೆಯೊಂದರಲ್ಲಿ ಬಾಲವಾಡಿಯ ಕಾಂಚನಾ ಟೀಚರ್ ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತು. ವಿಜಯಪುರ ಕಡೆಯ ಮನೆತನ, ಕಾಮೋಠೆಯಲ್ಲಿ ವಾಸ. ಮಕ್ಕಳನ್ನು ದೊಡ್ಡವರು ಮಾಡಿ ತಡವಾಗಿ ಕೆಲಸಕ್ಕೆ ಸೇರಿದವರು. ತಿಂಗಳ ಪೆನ್ಶನ್ ಬರಬೇಕಾದರೆ ಹತ್ತು ವರ್ಷದ ವಂತಿಗೆ ಬೇಕು. ನಿವೃತ್ತಿಯ ಹೊತ್ತಿಗೆ ಅವರದು ಒಂಬತ್ತೂ ಆಗುತ್ತಿರಲಿಲ್ಲ.

"ಜಾನೇ ದೋ ಸುಗುಣಾಜೀ" ಎಂದರು ಹೆಡ್‌ಮಾಸ್ತರ ರಮಾಕಾಂತ. "ಇದ್ದಷ್ಟು ಒಮ್ಮೆಲೇ ತಗೊಂಡು ಹೋಗ್ಲಿ. ತಪಾಸಣೆಗೆ ಅಷ್ಟು ಸಾಕು."

ತಪಾಸಣೆಗೆ ಸಾಕು, ಟೀಚರಿಗೆ ಸಾಕೇ? ತಿಂಗಳಿಗೆ ಬರುವುದು ದೊಡ್ಡ ಮೊತ್ತವೇನಲ್ಲ. ಆದರೂ ಬೆಳ್ಳುಳ್ಳಿ ತರಲಿಕ್ಕೂ ಗಂಡನ ಜೇಬು ನೋಡಿದ ಹೆಂಗಸಿಗೆ, ಸಾಯುವವರೆಗೆ ಕೈಗೆ ಬರುವ ತನ್ನದೇ ದುಡ್ಡು ಎಂದರೆ ಏನೆಂದು ಸುಗುಣಾಳಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿರಲು ಅವಳಿಗೆ ಮನಸ್ಸಾಗಲಿಲ್ಲ.

"ಮೊದಲು ಎಲ್ಲಿಯಾದ್ರೂ ಕೆಲಸ ಮಾಡಿದ್ದುಂಟಾ ಟೀಚರ್?"

"ಇಲ್ರೀ."

"ತವರಿನ ಹೆಸರು?"

"ಇದ ರೀ, ಕಾಂಚನಾ" ಎಂದವರು ಡಬ್ಬಿ ಮುಚ್ಚಿ ಎದ್ದರು. ರೊಟ್ಟಿ ಅರ್ಧ ಹಾಗೆಯೇ ಉಳಿದಿತ್ತು.

ಸುಗುಣಾ ಹಿಡಿದ ಪಟ್ಟು ಬಿಡುವವಳಲ್ಲ. ಸಂಜೆ ಅವರ ಜೊತೆಗೇ ಸಾನಪಾಡಾ ಸ್ಟೇಶನ್ನಿಗೆ ನಡೆದಳು. ಟೀಚರಿಗೆ ಪನ್ವೆಲ್ ಗಾಡಿ, ಇವಳಿಗೆ ಠಾಣೆಯ ಗಾಡಿ. ಪನ್ವೆಲ್ ಗಾಡಿ ಬಂತು, ಹೋಯಿತು, ಟೀಚರ್ ಹತ್ತಲಿಲ್ಲ.

"ಬಾಯಾರ, ಸ್ಟಾಫ್ ರೂಮಿನ್ಯಾಗ ಹೇಳಾಕ ಆಗಲಿಲ್ಲ. ಕಲ್ಯಾಣದಾಗ ಒಂದು ಸಾಲ್ಯಾಗ ಮೂರು ವರ್ಷ ಕಲಿಸೀನಿ, ಮದುವಿಗಿಂತ ಮೊದಲ. ಆಗ ನನ್ನ ಹೆಸರು ರುದ್ರವ್ವ."

"ಮತ್ತೆ ಇಲ್ಲ ಅಂದದ್ದು ಯಾಕೆ ಮಾರಾಯ್ರೆ?"

"ಅತ್ತೀಮನ್ಯಾಗ ನಕ್ಕಿದ್ರು. ಮುಂಬೈ ಸೊಸಿಗಿ ಇದೆಂಥ ಹಳ್ಳಿ ಹೆಸರು ಅಂತ. ನನಗೂ ನಾಚಿಕಿ ಬಂತು, ಖರೇ ಹೇಳ್ತೀನಿ. ಕಾಂಚನಾ ಅಂದ್ರ ಖುಷಿ ಆಗ್ತಿತ್ತು. ನನ್ನ ಮಕ್ಕಳಿಗೂ ಹೇಳಿಲ್ಲ. ಆ ಮೂರು ವರ್ಷ ರುದ್ರವ್ವಂದು ಬಿಡ್ರಿ, ನಂದಲ್ಲ."

"ರುದ್ರವ್ವನ ಸಂಬಳದಿಂದ ಮುರಿದ ದುಡ್ಡು ಮತ್ತೆ ಯಾರದ್ದು? ನನ್ನದಾ?" ಎಂದು ಸುಗುಣಾ ರೇಗಿದಳು. ರೇಗಿದ್ದು ಟೀಚರ ಮೇಲಲ್ಲ, ನಕ್ಕವರ ಮೇಲೆ.

ಮರುದಿನದಿಂದ ಅವಳಿಗೆ ಕಲ್ಯಾಣದ ದಾರಿಯೇ ದಾರಿಯಾಯಿತು. ಹಳೆಯ ಶಾಲೆಯ ಕ್ಲಾರ್ಕ್ ಇಂದು ಬಾ, ನಾಳೆ ಬಾ ಎಂದು ಸತಾಯಿಸಿದ. ಅವನ ಬಾಯಿಗೆ ಕಮಲಾಕ್ಷನ ಹೋಟೆಲಿನ ಮೈಸೂರುಪಾಕು ಬಿದ್ದ ಮೇಲೆ ಖಾತೆ ಸಿಕ್ಕಿತು: ರುದ್ರವ್ವ, ತಂದೆ ಅಂಬಾರಾಯ. ಆ ರುದ್ರವ್ವ ಇವರೇ ಎಂಬ ಪುರಾವೆಗೆ ಮೆಟ್ರಿಕ್ ಸರ್ಟಿಫಿಕೇಟ್ ಕೇಳಿದರೆ, ಅದು ಮುಂಬೈ ಸೀಮೆಯೇ ಮುಳುಗಿದ ೨೦೦೫ರ ಛಬ್ಬೀಸ್ ಜುಲೈಯ ಪ್ರವಾಹದಲ್ಲಿ ಕಲ್ಯಾಣದ ತವರಿನ ಟ್ರಂಕಿನ ಸಮೇತ ಹೋಗಿತ್ತು. ಎರಡೂ ಹೆಸರಿದ್ದ ಮದುವೆಯ ನೋಂದಣಿ ಪತ್ರವನ್ನು ಟೀಚರ ಗಂಡ ಬಸವಕುಮಾರರೇ ಕಪಾಟಿನಿಂದ ಹುಡುಕಿ ಕೊಟ್ಟರು.

ತಪಾಸಣೆಯ ಹಿಂದಿನ ದಿನ ಟೀಚರ ಮುಂದೆ ಅರ್ಜಿ ಇಟ್ಟಳು. ಒಂದು ಸಹಿ ಬಿದ್ದರೆ ಮೂರು ವರ್ಷ ಬಂದು ಸೇರಿ ಪೆನ್ಶನ್ ಗಟ್ಟಿ. ಟೀಚರ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಹಳೇ ಖಾತೆದಾಗಿನ ರುದ್ರವ್ವ ತಗದು ಕಾಂಚನಾ ಹಾಕ್ರಿ ಅಂತ ಅದ ಅಲ್ರೀ ಇದು?"

"ಹೌದು. ಆಧಾರಿನಲ್ಲಿ ಇದ್ದ ಹಾಗೇ ಆಗ್ಬೇಕು."

"ಅಂದ್ರ ಅಲ್ಲಿಂದಾನೂ ಹೋತು."

ಸುಗುಣಾ ಇಷ್ಟು ವರ್ಷದಲ್ಲಿ ಇಂಥ ಅರ್ಜಿ ಎಷ್ಟು ಬರೆದಿದ್ದಳೋ. ಅದನ್ನು ಹೀಗೆ ಓದಿದವರು ಒಬ್ಬರೂ ಇರಲಿಲ್ಲ.

"ನಮ್ಮವ್ವ ಒಬ್ಬಾಕಿನ ಕಡೀತನಕ ಆ ಹೆಸರಿಲೆ ಕರದ್ಲು" ಎಂದರು ಟೀಚರ್. "ಎದುರಿಗೆ ಮಂದಿ ಇದ್ರ ಆಕಿ ಮ್ಯಾಲೂ ಸಿಟ್ಟಾಗ್ತಿದ್ದೆ. ಆಕಿ ಹೋದಮ್ಯಾಲ ಯಾರೂ ಕರದಿಲ್ಲ."

ಪೆನ್ನು ಎತ್ತಿದವರು ಮತ್ತೆ ಕೆಳಗಿಟ್ಟರು.

"ಬಾಯಾರ, ಒಂದ ಸಲ ಕರೀರಿ."

ಪಕ್ಕದ ಕೋಣೆಯಲ್ಲಿ ಬಾಲವಾಡಿಯ ಮಕ್ಕಳು ಗದ್ದಲ ಮಾಡುತ್ತಿದ್ದವು. ಸುಗುಣಾ ಗಂಟಲು ಸರಿಮಾಡಿಕೊಂಡು, ಅಡುಗೆಮನೆಯಿಂದ ಅಂಗಳದ ಮಗಳನ್ನು ಕರೆಯುವಂತೆ ಕರೆದಳು. "ರುದ್ರವ್ವಾ!"

"ಓ!" ಎಂದರು ಕಾಂಚನಾ ಟೀಚರ್, ಮತ್ತು ಸಹಿ ಹಾಕಿದರು.