ಹೇರೋಹಳ್ಳಿಯ ಟೋಂಗಾ ಅಧ್ಯಕ್ಷರು

ನಮ್ಮ ಹೇರೋಹಳ್ಳಿಯ ಪೈಪ್ ಅಂಗಡಿ ಭೈರೇಶನಿಗೆ ಜೀವನದಲ್ಲಿ ಒಂದೇ ಆಸೆ: ಯಾರಾದರೂ ತನ್ನನ್ನು 'ಅಧ್ಯಕ್ಷರೇ' ಎಂದು ಕರೆಯಬೇಕು. ಪಂಚಾಯಿತಿಗೆ ಎರಡು ಸಲ ನಿಂತು ಎರಡು ಸಲವೂ ಮಣ್ಣುಮುಕ್ಕಿದ. ಪಕ್ಕದ ಮನೆಯವನಾದ ನಾನೇ ಅವನಿಗೆ ಓಟು ಹಾಕಿರಲಿಲ್ಲ, ಸುಳ್ಳೇಕೆ ಹೇಳಲಿ.

2005ರಲ್ಲಿ ಒಂದು ಬೆಳಿಗ್ಗೆ ಪೇಪರ್ ಹಿಡಿದುಕೊಂಡು ಓಡಿ ಬಂದ. ಪೆಸಿಫಿಕ್ ಸಾಗರದಲ್ಲಿ ಟೋಂಗಾ ಎಂಬ ದ್ವೀಪಗಳ ದೇಶವಂತೆ. ಅಲ್ಲಿ ಇನ್ನೂ ರಾಜನದೇ ದರ್ಬಾರು. ಪ್ರಜೆಗಳಿಗೂ ಅಧಿಕಾರ ಕೊಡಿ ಎಂದು ಕೇಳಲು ಒಂದು ಪಕ್ಷ ಹುಟ್ಟಿದೆಯಂತೆ.

"ಗುರು, ಇವ್ರಿಗೆ ಬೆಂಗಳೂರಲ್ಲಿ ಬ್ರಾಂಚೇ ಇಲ್ಲ!" ಎಂದ, ಖಾಲಿ ಸೈಟು ಕಂಡವನ ಹಾಗೆ.

ಸಂಜೆಯೊಳಗೆ ಅಂಗಡಿಯ ಮುಂದೆ ಬೋರ್ಡು ಬಿತ್ತು: ಟೋಂಗಾ ಪಕ್ಷ, ಪಶ್ಚಿಮ ಬೆಂಗಳೂರು ಘಟಕ, ಅಧ್ಯಕ್ಷರು ಭೈರೇಶ್. ಸದಸ್ಯರು ನಾಲ್ಕೇ ಜನ: ಅವನು, ಹೆಂಡತಿ ವಿಮಲಮ್ಮ, ತಾಯಿ ಹನುಮಕ್ಕ, ಮತ್ತು ಕಾಫಿ ಆಸೆಗೆ ಸೇರಿದ ನಾನು. ಸೈಬರ್ ಸೆಂಟರಿನ ಚೈತ್ರಳ ಕೈಲಿ ಇಂಗ್ಲಿಷಿನಲ್ಲಿ ಬರೆಸಿ ಟೋಂಗಾಕ್ಕೆ ಈಮೇಲನ್ನೂ ಕಳಿಸಿಬಿಟ್ಟ.

ಹದಿನೈದು ದಿನಕ್ಕೆ ಉತ್ತರ ಬಂತು. ಬಹಳ ಸಂತೋಷ ಎಂದು ಬರೆದು, ಕೊನೆಗೊಂದು ಪ್ರಶ್ನೆ ಕೇಳಿದ್ದರು: ನಿಮ್ಮ ಅಧ್ಯಕ್ಷರನ್ನು ಆರಿಸಿದವರು ಯಾರು?

ಭೈರೇಶನ ಮುಖ ಇಳಿದುಹೋಯಿತು. ಚುನಾವಣೆ ನಡೆಸದೆ ವಿಧಿಯಿರಲಿಲ್ಲ. ಎದುರಾಳಿ ಇಲ್ಲದೆ ಗೆದ್ದರೆ ಮರ್ಯಾದೆಯಲ್ಲವೆಂದು, ಬೇಡ ಬೇಡವೆಂದರೂ ವಿಮಲಮ್ಮನನ್ನೇ ನಿಲ್ಲಿಸಿದ. ಅಕ್ಕಿ ಡಬ್ಬಕ್ಕೆ ನಾಲ್ಕು ಚೀಟಿ ಬಿದ್ದವು. ನಾನೇ ಎಣಿಸಿದೆ: ವಿಮಲಮ್ಮನಿಗೆ ಮೂರು, ಭೈರೇಶನಿಗೆ ಒಂದು.

"ಏನಮ್ಮಾ ಇದು?" ಎಂದು ತಾಯಿಯನ್ನು ಕೇಳಿದ.

"ನೀನು ಅಧ್ಯಕ್ಷ ಅಂತ ಊರು ಸುತ್ತುದ್ರೆ ಅಂಗ್ಡಿ ಯಾರ್ಲಾ ನೋಡ್ಕೊಳೋದು?" ಎಂದಳು ಹನುಮಕ್ಕ.

ಆ ಮನೆಯಲ್ಲಿ ಕಾಫಿ ಮಾಡುವವಳು ವಿಮಲಮ್ಮ. ಹಾಗಾಗಿ ನನ್ನ ಓಟು ಎಲ್ಲಿ ಬಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

"ಆ ಒಂದು ಓಟು ನಂದು ರೀ," ಎಂದು ವಿಮಲಮ್ಮ ಗಂಡನ ಮೇಲೆ ರೇಗಿದಳು. "ನಿಮ್ದು ಎಲ್ಲೋಯ್ತು?"

"ನಂಗೆ ನಾನೇ ಹಾಕ್ಕೊಳಕ್ಕೆ ನಾಚಿಕೆ ಆಯ್ತು ಕಣೇ. ನಿಂಗೆ ಒಂದಾದ್ರೂ ಬೀಳ್ಲಿ ಅಂತ…"

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಪಾಪ ಅನ್ನಿಸಿತು.

ಟೋಂಗಾಕ್ಕೆ ಫಲಿತಾಂಶ ತಿಳಿಸಲು ನಾನೂ ಭೈರೇಶನೂ ಸೈಬರ್ ಸೆಂಟರಿಗೆ ಹೋದೆವು. ಚೈತ್ರ ಎಲ್ಲವನ್ನೂ ಟೈಪು ಮಾಡಿ, "ನಿಮ್ಮ ಹೆಸ್ರ ಕೆಳಗೆ ಏನಂತ ಹಾಕ್ಲಿ ಸಾರ್? ನೀವೀಗ ಅಧ್ಯಕ್ಷರಲ್ವಲ್ಲ," ಎಂದಳು.

ಭೈರೇಶ ಒಂದು ಕ್ಷಣ ಯೋಚಿಸಿದ. ನಮ್ಮ ಪಂಚಾಯಿತಿಯಲ್ಲಿ ಹೆಂಗಸರು ಗೆದ್ದಾಗ ಅವರ ಕುರ್ಚಿಯಲ್ಲಿ ಕೂತು ದರ್ಬಾರು ನಡೆಸುವವರು ಯಾರೆಂದು ಅವನು ಕಣ್ಣಾರೆ ಕಂಡಿದ್ದ. ಎದೆ ಸೆಟೆಸಿ ಹೇಳಿದ:

"'ಅಧ್ಯಕ್ಷರ ಗಂಡ' ಅಂತ ಹಾಕಮ್ಮ. ದಪ್ಪಕ್ಷರದಲ್ಲಿ."