ಅಕ್ಕೋರ ಸೆರಗಿನ ತುದಿ

ಅಕ್ಕೋರ ಸೆರಗಿನ ತುದಿ ಯಾವಾಗಲೂ ಮುದುಡಿಕೊಂಡು, ಸ್ವಲ್ಪ ಒದ್ದೆಯಾಗಿಯೇ ಇರುತ್ತಿತ್ತು. ಬೆಳಿಗ್ಗೆ ನಾರಾಯಣಗೂಡದಿಂದ ಬಸ್ಸು ಹಿಡಿದು ಬರುವಾಗ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ. ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅದರ ತುದಿ ಯಾವುದೋ ಮಗುವಿನ ಮುಷ್ಟಿಯಲ್ಲಿ, ಇಲ್ಲವೇ ಬಾಯಲ್ಲಿ. ಕಣ್ಣು ಒರೆಸುವುದೂ ಅದರಲ್ಲೇ, ಮೂಗು ಒರೆಸುವುದೂ ಅದರಲ್ಲೇ. ಹೊಸದಾಗಿ ಕೆಲಸಕ್ಕೆ ಸೇರಿದ ನಾನು ಸೆರಗನ್ನು ಮಡಿಕೆ ಮಾಡಿ ಪಿನ್ನು ಹಾಕಿಕೊಂಡು ಹೋಗಿದ್ದೆ. ಅಕ್ಕೋರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವಾ, ಕೂಸುಗಳಿಗೆ ಹಿಡಕೊಳ್ಳಾಕ ಏನೂ ಬಿಟ್ಟ ಇಲ್ಲಲ್ಲ ನೀ" ಅಂದರು.

ತೆಲುಗು ಸೀಮೆಯ ಈ ದೊಡ್ಡ ಊರಿನಲ್ಲಿ, ಸನತ್‌ನಗರದ ಸಣ್ಣ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ನಮ್ಮ ಶಾಲೆ. ಇಂಗ್ಲಿಷ್ ಮೀಡಿಯಂ ಎಂದು ಶಾಲೆಗಿಂತ ದೊಡ್ಡ ಬೋರ್ಡು. ಅಕ್ಕೋರು ಎಲ್‌ಕೆಜಿಯ ಹಿರಿಯ ಟೀಚರ್, ನಾನು ಅವರ ಕೈಕೆಳಗೆ. ಎಲ್ಲರಿಗೂ ಅವರು ಮೇಡಂ. ನಮ್ಮಂಥ ಕನ್ನಡದ ಮನೆಯವರಿಗೆ ಮಾತ್ರ ಅಕ್ಕೋರು. ಗೋಡೆಯಾಚೆ ದಿನವಿಡೀ ಮಷೀನಿನ ಸದ್ದು, ಈಚೆ ಮಕ್ಕಳ ಸದ್ದು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನನ್ನ ಗಂಟಲು ಹೋಗಿರುತ್ತಿತ್ತು.

"ಒದರಬ್ಯಾಡ" ಎನ್ನುತ್ತಿದ್ದರು. "ನೀ ಜೋರು ಮಾಡಿದಷ್ಟೂ ಅವು ಜೋರು ಮಾಡತಾವ. ಮೆಲ್ಲಕ ಮಾತಾಡು. ಏನಂದ್ಲು ಅಂತ ಕೇಳಾಕರ ಸುಮ್ಮನಾಗತಾವ." ಇನ್ನೊಂದು ಮಾತು, "ನೆಲದ ಮ್ಯಾಲ ಕುಂದರು. ನಿಂತ ಟೀಚರ್ ಅಂದ್ರ ಕೂಸಿಗೆ ಎರಡು ಮೊಣಕಾಲು ಅಷ್ಟ." ಹೀಗೆ ಹೇಳುವವರ ಮೊಣಕಾಲು ಕೂಡುವಾಗೊಮ್ಮೆ, ಏಳುವಾಗೊಮ್ಮೆ ಲಟಲಟ ಎನ್ನುತ್ತಿದ್ದವು.

ಅವರೇನು ದಣಿಯದ ಜೀವವಲ್ಲ. ಕೆಲವು ದಿನ ಮಕ್ಕಳೆದುರಿಗೇ, "ಇವತ್ತ ನನಗ ಸಾಕಾಗೇತಿ" ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದರು. ಆಗ ಒಬ್ಬ ಪೋರ ತುಟಿಯ ಮೇಲೆ ಬೆರಳಿಟ್ಟು, "ಚುಪ್! ಮೇಡಂ ಥಕ್ ಗಯೇ" ಎಂದು, ಮೇಡಂ ದಣಿದಿದ್ದಾರೆ ಸುಮ್ಮನಿರಿ ಎಂದು ಉಳಿದವರನ್ನು ಗದರುತ್ತಿದ್ದ. ಸುಸ್ತಾಗಿದ್ದನ್ನು ಮುಚ್ಚಿಟ್ಟರೆ ಅದು ಸಿಟ್ಟಾಗಿ ಹೊರಬೀಳುತ್ತದೆ, ಹೇಳಿಬಿಟ್ಟರೆ ಮಕ್ಕಳೇ ಸಂಭಾಳಿಸುತ್ತವೆ ಎನ್ನುವುದು ಅವರ ಲೆಕ್ಕ.

ಆ ವರ್ಷ ಪಲ್ಲವಿ ಬಂದಳು. ಸೇಡಂ ಕಡೆಯಿಂದ ಬಂದ ಕನ್ನಡದ ಮನೆ, ಅಪ್ಪ ಶಾಲೆಯ ಪಕ್ಕದ ಕಾರ್ಖಾನೆಯಲ್ಲಿ ಕೆಲಸಕ್ಕೆ. ಹುಡುಗಿ ಅಳಲಿಲ್ಲ, ಹಠ ಮಾಡಲಿಲ್ಲ, ಮಾತೂ ಆಡಲಿಲ್ಲ. ಜೂನ್ ಹೋಯಿತು, ಗಣೇಶನ ಹಬ್ಬ ಹೋಯಿತು, ತುಟಿ ಬಿಚ್ಚಲಿಲ್ಲ. ದಸರಾ ರಜೆ ಬರುವುದರೊಳಗೆ ಬಾಯಿ ಬಿಡದಿದ್ದರೆ ಈ ಮಗು ನಮ್ಮ ಶಾಲೆಗಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದು ಮನೆಯವರಿಗೆ ಹೇಳಿಬಿಡುತ್ತೇನೆ ಎಂದು ಹೆಡ್ ಮೇಡಂ ನಮ್ಮಿಬ್ಬರನ್ನು ಕರೆದು ಹೇಳಿದರು.

ನನಗೆ ಗಾಬರಿ. ದಿನಾ ಬೆಳಿಗ್ಗೆ ಅವಳ ಮುಂದೆ ಕೂತು ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಹೆಸರು ಕೇಳುವುದೇ ಕೇಳುವುದು. ಅವಳು ನನ್ನ ಬಾಯಿ ನೋಡಿ ತನ್ನ ಬಾಯಿ ಇನ್ನಷ್ಟು ಬಿಗಿ ಹಿಡಿಯುತ್ತಿದ್ದಳು.

"ಅದೇನು ಕೂಸೋ, ಪೊಲೀಸ್ ಠಾಣಾದಾಗಿನ ಕಳ್ಳನೋ?" ಅಂದರು ಅಕ್ಕೋರು. "ಮಾತಾಡದ ಕೂಸಿಗೆ ಪ್ರಶ್ನಿ ಕೇಳಬಾರದವಾ. ಸುದ್ದಿ ಹೇಳಬೇಕು."

ಅವರು ಅವಳ ಪಕ್ಕದಲ್ಲಿ ಕೂತು, ಮುಖ ಕೂಡ ನೋಡದೆ, ಕನ್ನಡದಲ್ಲಿ ಸುದ್ದಿ ಹೇಳತೊಡಗಿದರು. ಹಾಲು ಉಕ್ಕಿದ್ದು, ಸೊಸೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ಬಸ್ಸಿನಲ್ಲಿ ಒಬ್ಬಾಕೆ ಕೋಳಿ ತಂದು ಕಂಡಕ್ಟರ್ ಜೊತೆ ಜಗಳ ತೆಗೆದದ್ದು. ಪಲ್ಲವಿ ಸೆರಗಿನ ತುದಿ ಹಿಡಿದು ಕೇಳುತ್ತಿದ್ದಳು. ಮಾತು ಮಾತ್ರ ಇಲ್ಲ. ರಜೆ ಹತ್ತಿರ ಬಂತು.

ಒಂದು ಬೆಳಿಗ್ಗೆ ಬಸ್ಸು ಬೇಗ ಸಿಕ್ಕಿ, ಅಕ್ಕೋರು ಗೇಟಿನಾಚೆ ಮೋಸಂಬಿ ಬಂಡಿಯ ನೆರಳಿಗೆ ನಿಂತಿದ್ದರಂತೆ. ಪಲ್ಲವಿ ತಾಯಿಯ ಕೈ ಹಿಡಿದು ಗಲ್ಲಿಯುದ್ದಕ್ಕೂ ಪಟಪಟ ಕನ್ನಡ ಉದುರಿಸುತ್ತ ಬಂದಳು. ಗೇಟಿನ ಹತ್ತಿರ ತಾಯಿ ಬಗ್ಗಿ, ಗದ್ದ ಹಿಡಿದು ಏನೋ ಹೇಳಿದಳು. ಅಷ್ಟೇ, ಬಾಯಿ ಬಂದ್. ಅಕ್ಕೋರು ಅಲ್ಲೇ ತಾಯಿಯನ್ನು ತಡೆದು ನನ್ನನ್ನೂ ಕರೆದರು.

"ದಿನಾ ಏನ್ ಹೇಳ್ತೀಯವಾ ಅಕೀಗೆ?"

"ಏನಿಲ್ರಿ ಮೇಡಂ. ಒಳಗ ಕನ್ನಡ ಮಾತಾಡಬ್ಯಾಡ, ಇಂಗ್ಲಿಷ್ ಅಷ್ಟ ಮಾತಾಡು ಅಂತೀನ್ರಿ. ನಾವು ಹೊಸದಾಗಿ ಬಂದಾಗ ನಮ್ಮ ಮಾತಿಗೆ ಭಾಳ ನಕ್ಕಾರ್ರಿ ಮಂದಿ. ಇಕೀಗೆ ಹಂಗಾಗಬಾರದಂತ..."

ಇಂಗ್ಲಿಷ್ ಇನ್ನೂ ಬರದ ಮಗು ಅವ್ವನ ಮಾತನ್ನು ಅಕ್ಷರಶಃ ಪಾಲಿಸಿತ್ತು. ಈ ಊರಿನಲ್ಲಿ ನಮ್ಮವರ ಯಾರ ಮನೆಯಲ್ಲಿ ಈ ಮಾತಿಲ್ಲ? ನನ್ನ ಅಪ್ಪನೂ ಹೊಸಿಲು ದಾಟುವಾಗ ಚಪ್ಪಲಿ ಮೆಟ್ಟಿದಷ್ಟೇ ಸಲೀಸಾಗಿ ತೆಲುಗು ಮೆಟ್ಟುತ್ತಿದ್ದರು.

ಅಕ್ಕೋರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಶ್ಯಾಣ್ಯಾ ಕೂಸು ಹಡದೀಯವಾ. ಅವ್ವನ ಮಾತು ಮೀರಿಲ್ಲ. ಈಗ ನೀನ ಒಳಗ ಬಂದು ಅಕಿ ಮುಂದ ನನ್ನ ಕೂಡ ಕನ್ನಡ ಮಾತಾಡು. ನಾ ಹೇಳಿದ್ರ ನಡೆಯಂಗಿಲ್ಲ. ಬೀಗ ಹಾಕಿದಾಕಿನ ತಗೀಬೇಕು."

ತಾಯಿ ಸಂಕೋಚದಿಂದ ನೆಲಕ್ಕೆ ಕೂತಳು. ಇಬ್ಬರೂ ಈ ಊರಿನ ಜೋಳದ ಹಿಟ್ಟಿಗೆ ಜಿಗಿಯೇ ಇಲ್ಲ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ ಎಂದು ಮನಸಾರೆ ಶಾಪ ಹಾಕಿದರು. ಪಲ್ಲವಿ ತಾಯಿಯ ಮುಖ ನೋಡಿದಳು, ಅಕ್ಕೋರ ಮುಖ ನೋಡಿದಳು, ಮತ್ತೆ ತಾಯಿಯ ಮುಖ. "ಮಾತಾಡವಾ, ಅಕ್ಕೋರು ನಮ್ಮವರ ಅದಾರ" ಎಂದು ತಾಯಿ ತಲೆ ಸವರಿ ಎದ್ದು ಹೋದಳು.

ಹಾಡಿನ ಹೊತ್ತು ಕಳೆಯಿತು, ಬುತ್ತಿಯ ಹೊತ್ತು ಬಂತು. ಪಲ್ಲವಿ ಸೆರಗು ಜಗ್ಗಿದಳು.

"ಅಕ್ಕೋರ, ಆ ಕೋಳಿ ಬಸ್ಸಿನಾಗ... ಆಮ್ಯಾಲ ಕಂಡಕ್ಟರ್ ಏನಂದ?"

ಅದು ಎಂದೋ ಹೇಳಿದ ಸುದ್ದಿ. ಅಕ್ಕೋರ ಧ್ವನಿ ಒಂದಿಷ್ಟೂ ಬದಲಾಗಲಿಲ್ಲ. "ಏನಂತಾನವಾ? ಕೋಳಿಗೂ ಟಿಕೆಟ್ ತಗೋ ಅಂದ." ಹೆಡ್ ಮೇಡಂ ಕೋಣೆಗೆ ಓಡಲು ಎದ್ದ ನನ್ನನ್ನು ಕಣ್ಣಿನಲ್ಲೇ ಕೂಡಿಸಿದರು. "ಹಬ್ಬ ಮಾಡಬ್ಯಾಡ. ಎಲ್ಲಾರೂ ಬಂದು ಚಪ್ಪಾಳೆ ಹೊಡದ್ರ ನಾಳಿಗೆ ಮತ್ತ ಮುಚ್ಚಿಕೊಂತೈತಿ."

ದಸರಾ ಮುಗಿದ ಮೇಲೂ ಪಲ್ಲವಿ ನಮ್ಮಲ್ಲೇ ಉಳಿದಳು. ಆಮೇಲಾಮೇಲೆ ಅವಳ ಬಾಯಿ ಮುಚ್ಚಿಸುವುದೇ ಕೆಲಸವಾಯಿತು ಎನ್ನುವುದು ಬೇರೆ ಮಾತು.

ನಿವೃತ್ತಿಯಾಗಿ ಕೆಲವು ವರ್ಷದ ಮೇಲೆ ಅಕ್ಕೋರಿಗೆ ಲಕ್ವಾ ಹೊಡೆದು ಒಂದು ಪಕ್ಕ ಬಿದ್ದುಹೋಯಿತು, ಮಾತೂ ಹೋಯಿತು. ಒಂದು ಸಂಜೆ ಶಾಲೆ ಮುಗಿಸಿ ನಾರಾಯಣಗೂಡದ ಅವರ ಮನೆಗೆ ಹೋದೆ. ಬಂದವರೆಲ್ಲ ಮಂಚದ ಮೇಲೆ ಬಗ್ಗಿ, "ನಾ ಯಾರು ಹೇಳ್ರಿ ನೋಡೋಣ?" ಎಂದು ಕೇಳುತ್ತಿದ್ದರು. ಅಕ್ಕೋರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಎಲ್ಲರೂ ಹೋಗುವವರೆಗೆ ಕಾದೆ. ಮಂಚದ ಪಕ್ಕ ನೆಲಕ್ಕೆ ಕೂತೆ. ನನ್ನ ಮೊಣಕಾಲೂ ಈಗ ಲಟ್ಟೆನ್ನುತ್ತವೆ. ಏನೂ ಕೇಳಲಿಲ್ಲ, ಸುದ್ದಿ ಹೇಳಿದೆ. ಗೇಟಿಗೆ ಹಸಿರು ಬಣ್ಣ ಬಳಿದದ್ದು, ಮೋಸಂಬಿ ಬಂಡಿಯವನು ಮಗಳ ಮದುವೆ ಮಾಡಿದ್ದು, ಈ ವರ್ಷ ಎಲ್‌ಕೆಜಿಯ ಒಬ್ಬ ಹುಡುಗ ಕಂಡಕಂಡವರನ್ನು ಕಚ್ಚುತ್ತಿರುವುದು. ಕೊನೆಗೆ ತಡೆಯಲಾಗದೆ, "ಭಾಳ ಸಾಕಾಗೇತ್ರಿ ಅಕ್ಕೋರ" ಎಂದೂ ಹೇಳಿಬಿಟ್ಟೆ. ಅವರು ಕಣ್ಣು ತೆರೆದರು. ಶಕ್ತಿಯಿದ್ದ ಒಂದು ಕೈ ಹಾಸಿಗೆಯ ಮೇಲೆ ತಡಕಾಡಿ ನನ್ನ ಸೆರಗಿನ ತುದಿ ಹಿಡಿಯಿತು.

ಕತ್ತಲಾಗುತ್ತ ಬಂದಾಗ ಸೊಸೆ ಮುಷ್ಟಿ ಬಿಡಿಸಲು ಬಂದಳು. "ಅತ್ತಿ, ಬಿಡ್ರಿ, ಅವರಿಗೆ ಬಸ್ ತಪ್ಪತೈತಿ."

"ಇರಲಿ ಬಿಡವಾ, ನನಗೇನ್ ಅವಸರ ಇಲ್ಲ" ಅಂದೆ. ಬಸ್ಸು ತಪ್ಪಿತು. ಕೋಳಿಗೆ ಟಿಕೆಟ್ ಕೇಳಿದ ಕಂಡಕ್ಟರನ ಸುದ್ದಿಯೊಂದು ಉಳಿದಿತ್ತು, ಅದನ್ನೂ ಹೇಳಿದೆ. ಅವರಿಗೆ ನಿದ್ದೆ ಹತ್ತಿದ ಮೇಲೆ ಬೆರಳು ತಾವಾಗಿ ಸಡಿಲವಾದವು.

ಅದೇ ವಾರ ಅಕ್ಕೋರು ಹೋಗಿಬಿಟ್ಟರು. ಮರುದಿನವೂ ಶಾಲೆಯಿತ್ತು. ಕಚ್ಚುವ ಹುಡುಗ ಬೆಳಿಗ್ಗೆಯೇ ಅಳುತ್ತ ಬಂದು ನನ್ನ ಸೆರಗಿಗೆ ಮೂಗು ಒರೆಸಿದ. ನೆಲಕ್ಕೆ ಕೂತು, "ನಮ್ಮ ಅಕ್ಕೋರು ಅಂತ ಒಬ್ಬರಿದ್ದರು" ಎಂದು ಸುದ್ದಿ ಶುರು ಮಾಡಿದೆ.